ಡಾಕ್ಟರಮ್ಮ ಉಂಟು, ಇಂಜಿನಿಯರಮ್ಮ ಏಕಿಲ್ಲ?

ನಾವು ಸಾಹಿತ್ಯಕೂಟಕ್ಕೆಂದು ಸೇರಿರುವ ಈ ಊರಿನ ಹೆಸರಿನಲ್ಲಿಯೇ ಒಂದು ಕಸುಬುದಾರ ಜನಾಂಗದ ನೆನಪಿದೆ. ಕೋತರ ಗಿರಿಯೇ ಕೋತಗಿರಿ. ಬಡಗರಿಗೂ ತೊದವರಿಗೂ ಬೇಕಾದ ಕತ್ತಿ, ಕುಡುಗೋಲು, ಗುದ್ದಲಿ, ಮಡಕೆಗಳನ್ನು ತಲೆಮಾರುಗಳ ಕಾಲ ಒದಗಿಸುತ್ತ ಬಂದವರು ಕೋತರು. ಅವರಲ್ಲಿ ಕುಲುಮೆ ಗಂಡಸರದು, ಮಡಕೆಯ ಕೆಲಸ ಹೆಂಗಸರದು. ಬಯಲುಸೀಮೆಯ ಕುಂಬಾರರ ಮನೆಗಳಲ್ಲಿ ಸಾಮಾನ್ಯವಾಗಿ ಚಕ್ರದ ಮುಂದೆ ಕೂರುವವನು ಗಂಡಸು. ಮಣ್ಣು ಸೋಸಿ, ತುಳಿದು, ಹದಮಾಡಿ ಅವನ ಕೈಗೆ ಕೊಡುವವಳು ಹೆಂಗಸು. ಚಕ್ರವನ್ನು ಆಕೆ ಮುಟ್ಟಬಾರದೆಂಬ ನಂಬಿಕೆಯೂ ಹಲವೆಡೆ ಉಂಟು. ಆ ನಂಬಿಕೆ ಘಟ್ಟ ಹತ್ತಿ ಈ ಬೆಟ್ಟಕ್ಕೆ ಬರಲಿಲ್ಲ. ಮಣ್ಣು ಒಂದೇ, ಮಡಕೆ ಒಂದೇ. ಆದರೂ ಒಂದೆಡೆ ಅದು ಗಂಡಸಿನ ವಿದ್ಯೆಯಾಯಿತು, ಇನ್ನೊಂದೆಡೆ ಹೆಂಗಸಿನ ವಿದ್ಯೆಯಾಯಿತು. ಯಂತ್ರದ ಮುಂದೆ ಯಾರು ಕೂರಬೇಕೆಂಬುದನ್ನು ಊರು ತೀರ್ಮಾನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

ಅದೇ ಬೆಟ್ಟಕ್ಕೆ ಚಹಾ ಬಂದಾಗ ತೀರ್ಮಾನ ಬೇರೆಯಾಯಿತು. ತೋಟದಲ್ಲಿ ಎಲೆ ಕೀಳುವ ಕೈಗಳು ಬಹುಪಾಲು ಹೆಂಗಸರವು. ಎಲೆ ಮೂಟೆ ಕಾರ್ಖಾನೆಯ ಬಾಗಿಲು ದಾಟಿತೆಂದರೆ, ಬಾಡಿಸುವ ತೊಟ್ಟಿ, ಉರುಳಿಸುವ ಯಂತ್ರ, ಒಣಗಿಸುವ ಒಲೆ ಇವುಗಳ ಬಳಿ ನಿಂತವರು ಬಹುಪಾಲು ಗಂಡಸರು. ಚಹಾ ಜರಡಿಯಾಗಿ ಬೇರ್ಪಡುವ ಹೊತ್ತಿಗೆ ಮತ್ತೆ ಹೆಂಗಸರು ಕಾಣಿಸುತ್ತಾರೆ. ನಡುವಿನ ಆ ಕೋಣೆ, ಎಂದರೆ ಮೋಟಾರಿನ ಸದ್ದಿರುವ ಕೋಣೆ, ಕನ್ನಡ ಸಾಹಿತ್ಯದಲ್ಲಿ ಯಾರಿಗೆ ತೆರೆದಿದೆ ಎಂಬುದು ಈ ಲೇಖನದ ವಿಷಯ. ಇದು ನಮ್ಮ ಮನೆಗಳ ವಿಷಯವೂ ಹೌದು. ನಮ್ಮ ಹೆಣ್ಣುಮಕ್ಕಳು ಪ್ರತಿವರ್ಷ ಬೆಟ್ಟ ಇಳಿದು ಕೊಯಮತ್ತೂರಿನ ಇಂಜಿನಿಯರಿಂಗ್ ಕಾಲೇಜುಗಳಿಗೆ ಹೋಗುತ್ತಿದ್ದಾರೆ. ಅವರು ಓದಲೆಂದು ನಾವು ಕೈಗಿಡುವ ಕನ್ನಡ ಪುಸ್ತಕಗಳಲ್ಲಿ ಅವರಂಥವರು ಇದ್ದಾರೆಯೇ?

ಮೊದಲು ಮಾತಿನಿಂದಲೇ ಆರಂಭಿಸೋಣ. ಕನ್ನಡದ ಆಡುನುಡಿ ಬಹಳ ಜಾಣೆ. ಇಂಗ್ಲಿಷಿನಿಂದ ಬಂದ ಕಸುಬಿನ ಹೆಸರುಗಳಿಗೆ ‘ಅಮ್ಮ’ ಎಂದು ಸೇರಿಸಿ ಅವನ್ನು ನಡುಮನೆಗೆ ಕರೆದುಕೊಂಡಿತು. ಡಾಕ್ಟರಮ್ಮ, ನರ್ಸಮ್ಮ, ಟೀಚರಮ್ಮ. ಇವು ಗೌರವದ ಮಾತುಗಳು, ಸಲಿಗೆಯ ಮಾತುಗಳೂ ಹೌದು. ಆದರೆ ‘ಇಂಜಿನಿಯರಮ್ಮ’ ಎಂದು ಯಾರೂ ಕರೆಯುವುದಿಲ್ಲ. ಬಾಯಿ ಅಲ್ಲಿಗೆ ಬಂದು ತಡೆಯುತ್ತದೆ. ‘ಲೇಡಿ ಇಂಜಿನಿಯರ್’ ಎಂದು ಪರಭಾಷೆಯ ವಿಶೇಷಣವೊಂದನ್ನು ಸಾಲ ತರುತ್ತೇವೆ. ‘ಲಾಯರಮ್ಮ’ ಎಂಬ ಮಾತು ಅಲ್ಲಲ್ಲಿ ಕೇಳುತ್ತದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನನ್ನ ವಾದವನ್ನೇ ಗಟ್ಟಿಮಾಡುತ್ತದೆ. ವಕೀಲರ ಬಳಿಗೂ ನಾವು ಹೋಗುವುದು ಕಷ್ಟ ಹೇಳಿಕೊಳ್ಳುವುದಕ್ಕೆ. ರೋಗಿ, ಶಿಶು, ವಿದ್ಯಾರ್ಥಿ, ಕಕ್ಷಿದಾರ ಇವರೆಲ್ಲ ಯಾರೋ ಒಬ್ಬರ ಮಡಿಲನ್ನು ಅರಸಿ ಬಂದವರು. ಅಂಥಲ್ಲಿ ಹೆಣ್ಣಿನ ವಿದ್ಯೆಯನ್ನು ತಾಯ್ತನದ ವಿಸ್ತರಣೆಯೆಂದು ಒಪ್ಪಿಕೊಳ್ಳುವುದು ಸಮಾಜಕ್ಕೆ ಸುಲಭ. ಟ್ರಾನ್ಸ್‌ಫಾರ್ಮರಿಗೆ ಮಡಿಲು ಬೇಡ. ಅದಕ್ಕೆ ಬೇಕಾದದ್ದು ಅದನ್ನು ಬಲ್ಲವರು. ಬಲ್ಲವಳು ಎಂಬಷ್ಟರಿಂದಲೇ ಒಬ್ಬ ಹೆಣ್ಣಿಗೆ ಹೆಸರು ಕೊಡುವುದು ನಮ್ಮ ನುಡಿಗೆ ಇನ್ನೂ ರೂಢಿಯಾಗಿಲ್ಲ.

ಬೇರೆ ಭಾಷೆಗಳೇನೂ ಇದರಲ್ಲಿ ಮುಂದಿರಲಿಲ್ಲ. 1940ರ ದಶಕದ ಆರಂಭದಲ್ಲಿ ಮದರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎ. ಲಲಿತಾ ಎಂಬ ತೆಲುಗು ಹೆಣ್ಣುಮಗಳು ವಿದ್ಯುತ್ ಶಾಸ್ತ್ರ ಓದಿದರು. ಹದಿನೆಂಟರ ವಯಸ್ಸಿನಲ್ಲಿ ವಿಧವೆಯಾಗಿ, ಕೈಯಲ್ಲಿ ಎಳೆಯ ಕೂಸನ್ನು ಹೊತ್ತಿದ್ದವರು ಅವರು. ಪದವಿಪತ್ರದಲ್ಲಿ ಮೊದಲೇ ಅಚ್ಚಾಗಿದ್ದ ‘ಅವನು’ ಎಂಬುದನ್ನು ಹೊಡೆದುಹಾಕಿ ‘ಅವಳು’ ಎಂದು ಕೈಯಲ್ಲಿ ತಿದ್ದಿ ಕೊಡಬೇಕಾಯಿತು. ಕನ್ನಡದಲ್ಲಾದರೆ ಇಷ್ಟು ಕಷ್ಟವೂ ಇರುತ್ತಿರಲಿಲ್ಲ. ‘ಇಂಜಿನಿಯರ್ ಬಂದರು’ ಎಂದರೆ ಸಾಕು, ಗೌರವದ ಬಹುವಚನ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಆದರೆ ಕೇಳುವವನ ಮನಸ್ಸು ಸುಮ್ಮನಿರುವುದಿಲ್ಲ. ಬಂದವರಿಗೆ ಅದು ತಾನಾಗಿ ಮೀಸೆ ಬರೆಯುತ್ತದೆ.

ನಮ್ಮ ಸಾಹಿತ್ಯ ಯಾವಾಗಲೂ ಹೀಗಿತ್ತೆಂದು ಹೇಳಿದರೆ ಅನ್ಯಾಯವಾದೀತು. ಕದಿರ ರೆಮ್ಮವ್ವೆಯನ್ನು ನೆನೆಯಿರಿ. ನೂಲು ತೆಗೆಯುವುದು ಆಕೆಯ ಕಾಯಕ. ಆಕೆಯ ಪ್ರಸಿದ್ಧ ವಚನವೊಂದರಲ್ಲಿ ರಾಟೆಯ ಒಂದೊಂದು ಭಾಗವೂ ಹೆಸರು ಹಿಡಿದು ಬರುತ್ತದೆ: ಅಡಿಯ ಹಲಗೆ, ಮೇಲಿನ ತೋರಣ, ನಿಂತ ಬೊಂಬೆ, ಅದರ ಬೆನ್ನಿನ ಕರ್ಣಗಳು, ಕೊನೆಗೆ ಕದಿರು. ಒಂದೊಂದಕ್ಕೂ ಒಂದೊಂದು ದೈವದ ಪಟ್ಟ. ಕದಿರಿಗೆ ಮಾತ್ರ ಅರಿವಿನ ಪಟ್ಟ. ಸಾಮಾನ್ಯವಾಗಿ ಇದನ್ನು ಬೆಡಗಿನ ವಚನವೆಂದು ಓದಿ, ಆಧ್ಯಾತ್ಮದ ಅರ್ಥ ಬಿಡಿಸಿ ಮುಗಿಸುತ್ತೇವೆ. ನಾನು ಇಲ್ಲಿ ಕೇಳಿಕೊಳ್ಳುವುದು ಇಷ್ಟೇ: ಆ ರೂಪಕವನ್ನು ಕಟ್ಟಬೇಕಾದರೆ ರಾಟೆಯನ್ನು ಬಿಚ್ಚಿ ಜೋಡಿಸಬಲ್ಲವಳೇ ಆಗಿರಬೇಕು. ಯಾವುದು ಯಾವುದರ ಮೇಲೆ ನಿಲ್ಲುತ್ತದೆ, ಯಾವುದು ತಿರುಗಿದರೆ ಯಾವುದು ತಿರುಗುತ್ತದೆ, ನೂಲು ಎಲ್ಲಿ ಸುತ್ತಿಕೊಳ್ಳುತ್ತದೆ ಎಂಬ ಕ್ರಮ ತಪ್ಪಿದರೆ ರಾಟೆಯೂ ನಿಲ್ಲುತ್ತದೆ, ವಚನವೂ ನಿಲ್ಲುತ್ತದೆ. ಯಂತ್ರದ ಒಳಗಿನ ಕ್ರಮವೇ ಇಲ್ಲಿ ಪದ್ಯದ ಕ್ರಮ. ವಚನದ ಕೊನೆಯಲ್ಲಿ ಗಂಡನ ಹೊಡೆತದ ಮಾತೂ ಬರುತ್ತದೆ. ಅದಕ್ಕೂ ಒಳ ಅರ್ಥ ಹೇಳಬಹುದು. ಆದರೆ ಮೇಲಿನ ಅರ್ಥವನ್ನು ಅಷ್ಟು ಬೇಗ ದಾಟುವುದು ಸರಿಯಲ್ಲ. ಯಂತ್ರದ ಅರಿವು, ಆ ಅರಿವಿರುವವಳು ಬದುಕುವ ಮನೆ, ಎರಡೂ ಒಂದೇ ಉಸಿರಿನಲ್ಲಿ ಬಂದಿವೆ.

ಆಕೆ ಒಬ್ಬಳೇ ಅಲ್ಲ. ಕುಂಬಾರ ಗುಂಡಯ್ಯನ ಪುಣ್ಯಸ್ತ್ರೀ ಕೇತಲದೇವಿ ವ್ರತದ ಮಾತನ್ನು ಆರಂಭಿಸುವುದೇ ಮಣ್ಣಿನ ಹದದಿಂದ. ಅಕ್ಕಿ ಆಯುವ ಲಕ್ಕಮ್ಮನಿಗೆ ಎಷ್ಟು ಆಯಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬ ಲೆಕ್ಕವೇ ಧರ್ಮದ ಲೆಕ್ಕ. ಕೈಕೆಲಸದ ಪರಿಭಾಷೆ ಹೆಣ್ಣಿನ ಬಾಯಲ್ಲಿ ಕಾವ್ಯವಾಗಬಲ್ಲುದು ಎಂಬುದು ಕನ್ನಡಕ್ಕೆ ಹೊಸದಾಗಿ ಕಲಿಯಬೇಕಾದ ಪಾಠವೇನಲ್ಲ. ಅದು ಮರೆತದ್ದು.

ಹೊಸಗನ್ನಡದ ಗದ್ಯಕ್ಕೆ ಬಂದಾಗ ಹೆಣ್ಣು ಓದಿದಳು, ಬರೆದಳು, ಕೆಲಸಕ್ಕೂ ಹೋದಳು. ವೈದ್ಯೆಯೇ ಆಗಿದ್ದ ಅನುಪಮಾ ನಿರಂಜನ ಅವರ ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಗಳು ಮನೆಮನೆಯ ಕಪಾಟು ಸೇರಿದವು. ಹೆಣ್ಣಿನ ಮನಸ್ಸಿನ ರೋಗವನ್ನು ಶಾಸ್ತ್ರದ ಕಣ್ಣಿನಿಂದ ನೋಡುವುದನ್ನು ತ್ರಿವೇಣಿಯವರು ಕಾದಂಬರಿಗೆ ತಂದರು. ಕಥೆಗಳಲ್ಲಿ ಡಾಕ್ಟರಮ್ಮಂದಿರು, ಉಪಾಧ್ಯಾಯಿನಿಯರು, ಗುಮಾಸ್ತೆಯರು ಧಾರಾಳವಾಗಿ ಓಡಾಡಿದರು. ಈ ಸಭೆಯಲ್ಲಿಯೇ ಕೇಳಿ ನೋಡಿ: ಕಾದಂಬರಿಯಲ್ಲಿ ಬರುವ ಒಬ್ಬ ವೈದ್ಯೆಯನ್ನು ನೆನಪಿಸಿಕೊಳ್ಳಿ ಎಂದರೆ ನಾಲ್ಕು ಕೈ ಮೇಲೇಳುತ್ತವೆ. ತನ್ನ ಕೆಲಸ ಮಾಡುತ್ತಿರುವ ಒಬ್ಬ ಹೆಣ್ಣು ಇಂಜಿನಿಯರನ್ನು ನೆನಪಿಸಿಕೊಳ್ಳಿ ಎಂದರೆ ಸಭೆ ಛಾವಣಿ ನೋಡತೊಡಗುತ್ತದೆ. ‘ಕೆಲಸ ಮಾಡುತ್ತಿರುವ’ ಎಂಬುದನ್ನು ಒತ್ತಿ ಹೇಳುತ್ತೇನೆ. ಇತ್ತೀಚಿನ ಕಥೆಗಳಲ್ಲಿ ಸಾಫ್ಟ್‌ವೇರ್ ಹುಡುಗಿಯರಿಗೇನೂ ಕೊರತೆಯಿಲ್ಲ. ಅವರ ಸಂಬಳ, ಒಂಟಿತನ, ವಿಚ್ಛೇದನ, ತಡರಾತ್ರಿಯ ಕ್ಯಾಬು ಎಲ್ಲವೂ ಬರುತ್ತವೆ. ಅವರು ಆ ದಿನ ಕಚೇರಿಯಲ್ಲಿ ಬಿಡಿಸಲು ಒದ್ದಾಡಿದ ಸಮಸ್ಯೆ ಏನು, ಅದು ಬಿಡಿಸಿಕೊಂಡ ಕ್ಷಣ ಹೇಗಿತ್ತು ಎಂಬುದು ಬರುವುದಿಲ್ಲ.

ಗಂಡಸಿನ ವಿಷಯದಲ್ಲಿ ನಮ್ಮ ಗದ್ಯ ಇಷ್ಟು ಜಿಪುಣವಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರನ್ನು ತೆಗೆದುಕೊಳ್ಳಿ. ಕ್ಯಾಮೆರಾ, ಮೀನಿನ ಗಾಳ, ಸ್ಕೂಟರು, ಕಡೆಗಾಲದ ಕಂಪ್ಯೂಟರು, ಕನ್ನಡ ತಂತ್ರಾಂಶದ ಹಟ ಇವೆಲ್ಲ ಅವರ ಬದುಕಿನ ಕಥೆ ಮಾತ್ರವಾಗಿ ಉಳಿಯದೆ ಅವರ ಬರಹದ ಗುಣವೇ ಆದವು. ಬಿಚ್ಚಿ ನೋಡುವ ಕುತೂಹಲವನ್ನು ಅವರು ಕನ್ನಡದ ಒಂದು ರಸವನ್ನಾಗಿ ಮಾಡಿದರು. ಅವರನ್ನು ಓದಿದ ನನ್ನ ತಲೆಮಾರಿನ ಎಷ್ಟೋ ಹುಡುಗರು ರೇಡಿಯೋ ಬಿಚ್ಚಿ, ಮತ್ತೆ ಜೋಡಿಸಲಾರದೆ ಬೈಸಿಕೊಂಡರು. ಹುಡುಗಿಯರೂ ಅದೇ ಪುಸ್ತಕವನ್ನು ಅಷ್ಟೇ ಪ್ರೀತಿಯಿಂದ ಓದಿದರು. ಆದರೆ ‘ಕರ್ವಾಲೋ’ದಲ್ಲಿ ಹಾರುವ ಓತಿಯನ್ನರಸಿ ಕಾಡಿಗೆ ಹೋಗುವ ತಂಡವನ್ನು ನೋಡಿ. ವಿಜ್ಞಾನಿ ಕರ್ವಾಲೋ, ಮಂದಣ್ಣ, ಚಿತ್ರ ತೆಗೆಯುವ ಪ್ರಭಾಕರ, ಬಿರಿಯಾನಿ ಕರಿಯಪ್ಪ, ಎಂಗ್ಟ, ನಿರೂಪಕ, ಜೊತೆಗೆ ಕಿವಿ ಎಂಬ ನಾಯಿ. ನಾಯಿಗೂ ಜಾಗವಿದೆ, ಹೆಣ್ಣಿಗಿಲ್ಲ. 1980ರ ಮಲೆನಾಡಿನ ಮಟ್ಟಿಗೆ ಇದು ವಾಸ್ತವವೇ. ತೇಜಸ್ವಿಯವರನ್ನು ದೂರುವ ಉದ್ದೇಶ ನನಗಿಲ್ಲ. ಕನ್ನಡದ ಅತ್ಯಂತ ಸಂತೋಷದ ಅನ್ವೇಷಣೆಯ ಕಥೆಯೂ ಈ ಎಣಿಕೆಯಿಂದ ತಪ್ಪಿಸಿಕೊಳ್ಳಲಿಲ್ಲ ಎಂಬುದನ್ನಷ್ಟೇ ಗುರುತಿಸುತ್ತಿದ್ದೇನೆ.

ಅನ್ವೇಷಣೆಗೆ, ಹವ್ಯಾಸಕ್ಕೆ ಬೇಕಾದ ಮೊದಲ ಸಾಮಗ್ರಿ ಬಿಡುವು. ಎರಡನೆಯದು, ಕೆಡಿಸುವ ಸ್ವಾತಂತ್ರ್ಯ. ಹುಡುಗ ಗಡಿಯಾರ ಬಿಚ್ಚಿ ಕೆಡಿಸಿದರೆ ‘ಮುಂದೆ ದೊಡ್ಡ ಇಂಜಿನಿಯರ್ ಆಗುತ್ತಾನೆ’ ಎಂದು ನಗುವ ಮನೆಯಲ್ಲಿಯೇ, ಹುಡುಗಿ ಮಿಕ್ಸಿಯ ಬುಡ ಬಿಚ್ಚಿದರೆ ‘ಇರುವುದನ್ನೂ ಹಾಳುಮಾಡಬೇಡ’ ಎಂಬ ಮಾತು ಬರುತ್ತದೆ. ಅಡುಗೆಮನೆಯ ಯಂತ್ರಗಳನ್ನು ದಿನವಿಡೀ ನಡೆಸುವವಳು ಆಕೆ. ಅವು ಕೆಟ್ಟ ಕೂಡಲೇ ಅವುಗಳ ಒಡೆತನ ಮನೆಯ ಗಂಡಸಿಗೋ ಪೇಟೆಯ ಮೆಕ್ಯಾನಿಕ್ಕಿಗೋ ಹೋಗುತ್ತದೆ. ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ಯನ್ನು ಓದುವಾಗಲೆಲ್ಲ ಈ ಯೋಚನೆ ಬರುತ್ತದೆ. ಹವ್ಯಾಸಿಯ ಬಿಡುವಿನ ಹಿಂದೆ ಒಂದು ಸಂಸಾರ ನಡೆಯುತ್ತಿರುತ್ತದೆ, ಅದನ್ನು ನಡೆಸುವ ಕೈಗಳಿರುತ್ತವೆ. ಆ ಪುಸ್ತಕ ದೂರಿನ ಪುಸ್ತಕವಲ್ಲ; ಪ್ರೀತಿಯಿಂದ, ಹೆಮ್ಮೆಯಿಂದ ಬರೆದದ್ದು. ಹಾಗಿದ್ದೇ ಅದು ಈ ಲೆಕ್ಕವನ್ನು ತೋರಿಸಿಕೊಡುತ್ತದೆ.

ಈಗ ಸುಧಾಮೂರ್ತಿಯವರಿಗೆ ಬರಬೇಕು. ಈ ವಿಷಯದಲ್ಲಿ ಅವರನ್ನು ಬಿಟ್ಟು ಮಾತಾಡುವಂತಿಲ್ಲ, ಅವರ ಬಗ್ಗೆ ಹಗುರವಾಗಿ ಮಾತಾಡುವಂತೆಯೂ ಇಲ್ಲ. ಹುಬ್ಬಳ್ಳಿಯ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಂಡುಹುಡುಗರ ನಡುವೆ ಒಬ್ಬರೇ ಹೆಣ್ಣುಮಗಳಾಗಿ ಓದಿದವರು ಅವರು. ಸೀರೆಯುಟ್ಟೇ ಬರಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರೊಡನೆ ಮಾತಾಡಬಾರದು ಎಂಬ ಷರತ್ತುಗಳನ್ನು, ಕಾಲೇಜಿನಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲವೆಂಬುದನ್ನು ಅವರೇ ಬರೆದಿದ್ದಾರೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸ್ನಾತಕೋತ್ತರ ಓದು ಮುಗಿಯುತ್ತಿದ್ದಾಗ ಟೆಲ್ಕೋ ಸಂಸ್ಥೆಯ ಜಾಹೀರಾತು ಕಣ್ಣಿಗೆ ಬಿತ್ತು. ಹೆಂಗಸರು ಅರ್ಜಿ ಹಾಕಬೇಕಿಲ್ಲವೆಂದು ಅದರಲ್ಲಿತ್ತು. ಅವರು ಜೆ.ಆರ್.ಡಿ. ಟಾಟಾ ಅವರಿಗೆ ಒಂದು ಕಾರ್ಡು ಗೀಚಿ ಹಾಕಿದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಈ ಕಾರ್ಡಿನ ಕಥೆಯನ್ನು ಕನ್ನಡ ನಾಡಿನಲ್ಲಿ ಕೇಳದವರಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಮಗಳನ್ನು ಇಂಜಿನಿಯರಿಂಗಿಗೆ ಸೇರಿಸುವ ಧೈರ್ಯಕ್ಕೆ ಅದೇ ಕಾರಣವಾಗಿದ್ದರೂ ಆಶ್ಚರ್ಯವಿಲ್ಲ.

ಇಂಥ ಅನುಭವವುಳ್ಳ ಲೇಖಕಿ ಕಾದಂಬರಿ ಬರೆಯುವಾಗ ಏನಾಗುತ್ತದೆ? ‘ಮಹಾಶ್ವೇತೆ’ಯ ಅನುಪಮಾ ತೊನ್ನು ರೋಗದಿಂದ ಗಂಡನ ಮನೆ ಕಳೆದುಕೊಂಡು, ಮುಂಬಯಿಯಲ್ಲಿ ತನ್ನ ಕಾಲ ಮೇಲೆ ನಿಲ್ಲುತ್ತಾಳೆ, ನಿಲ್ಲುವುದು ಸಂಸ್ಕೃತದ ಅಧ್ಯಾಪಕಿಯಾಗಿ. ‘ಡಾಲರ್ ಸೊಸೆ’ಯಲ್ಲಿ ಅಮೆರಿಕಕ್ಕೆ ಹೋಗುವ ಇಂಜಿನಿಯರ್ ಚಂದ್ರು, ಗೌರಮ್ಮನ ತಕ್ಕಡಿಯಲ್ಲಿ ತೂಗುವವರು ಸೊಸೆಯಂದಿರಾದ ವಿನುತ ಮತ್ತು ಜಮುನಾ. ಇಂಗ್ಲಿಷಿನಲ್ಲಿ ‘ಜೆಂಟ್ಲಿ ಫಾಲ್ಸ್ ದ ಬಕುಲ’ ಎಂಬ ಹೆಸರಿನಲ್ಲಿ ಬಂದ ಕಾದಂಬರಿ ಇನ್ನೂ ಹರಿತವಾದದ್ದು. ಶಾಲೆಯ ಪರೀಕ್ಷೆಯಲ್ಲಿ ಶ್ರೀಕಾಂತನಿಗಿಂತ ಮುಂದಿದ್ದ ಶ್ರೀಮತಿ ಇತಿಹಾಸದ ಕಡೆಗೆ ಹೋಗುತ್ತಾಳೆ, ಶ್ರೀಕಾಂತ ಐಐಟಿಗೆ ಹೋಗುತ್ತಾನೆ. ಅವನು ಸಾಫ್ಟ್‌ವೇರ್ ಜಗತ್ತಿನಲ್ಲಿ ಮೇಲೇರಿದಷ್ಟೂ ಅವಳ ಓದು ಕೆಳಗಿಳಿಯುತ್ತದೆ.

ಇದನ್ನು ಲೇಖಕಿಯ ದೋಷವೆಂದು ಎಣಿಸುವ ಅವಸರ ನನಗಿಲ್ಲ. ಒಂದು ಉದ್ಯಮ ಬೆಳೆಯುತ್ತಿದ್ದಾಗ ಅದರ ಹಿಂಬದಿಯ ಮನೆಗಳಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಈ ಕಾದಂಬರಿಗಳಷ್ಟು ಸರಳವಾಗಿ ಹೇಳಿದ ಬರಹ ಕನ್ನಡದಲ್ಲಿ ಕಡಿಮೆ. ವಿಮರ್ಶಕರು ಅವನ್ನು ಜನಪ್ರಿಯವೆಂದು ಪಕ್ಕಕ್ಕಿಟ್ಟದ್ದರಿಂದ ಈ ಸಾಕ್ಷ್ಯವೂ ಪಕ್ಕಕ್ಕೆ ಹೋಯಿತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಟೆಲ್ಕೋ ಕಾರ್ಖಾನೆಯೊಳಕ್ಕೆ ಕಾಲಿಟ್ಟ ಆ ಹುಡುಗಿ ಪ್ರಬಂಧಗಳಲ್ಲಿ, ಭಾಷಣಗಳಲ್ಲಿ ಇದ್ದಾಳೆ, ಕಾದಂಬರಿಗಳಲ್ಲಿ ಇಲ್ಲ. ಪ್ರಬಂಧದಲ್ಲಿಯೂ ನಮಗೆ ಸಿಗುವುದು ಗೇಟಿನ ವರೆಗಿನ ಕಥೆ: ಜಾಹೀರಾತು, ಕಾರ್ಡು, ಸಂದರ್ಶನ. ಗೇಟು ದಾಟಿದ ಮೇಲೆ ಅಲ್ಲಿನ ಯಂತ್ರಗಳ ಸದ್ದು ಹೇಗಿತ್ತು, ಮೊದಲ ಸಲ ಅವರ ಮಾತನ್ನು ಕೆಲಸದವರು ನಂಬಿದ್ದು ಯಾವ ಸಂದರ್ಭದಲ್ಲಿ ಎಂಬುದನ್ನು ತಿಳಿಯುವ ಆಸೆ ನನಗೆ. ಪ್ರವೇಶದ ಕಥೆ ನಮಗೆ ರುಚಿಸಿತು. ಕೆಲಸದ ಕಥೆಯನ್ನು ನಾವು ಕೇಳಲಿಲ್ಲ. ಓದುಗರು ಕೇಳದಿದ್ದುದನ್ನು ಲೇಖಕರು ಬರೆಯದಿದ್ದರೆ ಅದರಲ್ಲಿ ಓದುಗರ ಪಾಲೂ ಇದೆ.

ನೇಮಿಚಂದ್ರ ಅವರದು ಬೇರೆ ದಾರಿ. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಇಂಜಿನಿಯರ್ ಆಗಿದ್ದವರು. ಮೇರಿ ಕ್ಯೂರಿಯ ಬಗ್ಗೆ, ಎಡಿಸನ್ ಬಗ್ಗೆ ಕನ್ನಡದಲ್ಲಿ ಬರೆದು, ವಿಜ್ಞಾನದ ಬದುಕು ಹೆಣ್ಣಿಗೂ ಬದುಕಬಹುದಾದ ಬದುಕೆಂಬುದನ್ನು ಎಳೆಯ ಓದುಗರಿಗೆ ತೋರಿಸಿದವರು. ಪೆರುವಿನ ಪ್ರವಾಸಕಥನದಲ್ಲಿ ಹೆಂಗಸೊಬ್ಬಳು ಭೂಪಟ ಹಿಡಿದು ತಾನೇ ದಾರಿ ಹುಡುಕಿಕೊಳ್ಳುವ ಉಲ್ಲಾಸವಿದೆ. ಅದು ತಂತ್ರಜ್ಞೆಯ ಉಲ್ಲಾಸವೇ ಎಂದು ನನಗನಿಸುತ್ತದೆ. ‘ಯಾದ್ ವಶೇಮ್’ ಕನ್ನಡದ ಭೂಗೋಳವನ್ನೇ ವಿಸ್ತರಿಸಿದ ಕಾದಂಬರಿ. ಆದರೆ ಓದುಗರು ಅವರನ್ನು ನೆನೆಯುವುದು ಜರ್ಮನಿಯ ಯಹೂದಿಗಳ ಕಥೆಗಾಗಿ, ಪೆರುವಿನ ಕಣಿವೆಗಾಗಿ, ಬದುಕಿಗೆ ಭರವಸೆ ಕೊಡುವ ಅಂಕಣಗಳಿಗಾಗಿ. ವಿಮಾನ ಕಾರ್ಖಾನೆಯ ದಿನಗಳಿಗಾಗಿ ಅಲ್ಲ. ಅಷ್ಟು ದೂರದ ಪೆರು ಹತ್ತಿರವಾಯಿತು, ಹಳೆಯ ವಿಮಾನ ನಿಲ್ದಾಣದ ರಸ್ತೆಯ ಕಾರ್ಖಾನೆ ದೂರವೇ ಉಳಿಯಿತು.

ಈ ದೂರದಿಂದ ನಾವು ಕಳೆದುಕೊಂಡದ್ದೇನೆಂದು ತಿಳಿಯಲು ರಾಜೇಶ್ವರಿ ಚಟರ್ಜಿಯವರ ಬದುಕನ್ನು ನೋಡಬೇಕು. ಹುಟ್ಟಿದ್ದು 1922ರಲ್ಲಿ, ಕನ್ನಡದ ಮನೆಯಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ 	ಒಬ್ಬರು. ಆ ಅಜ್ಜಿ ಸ್ಥಾಪಿಸಿದ ಶಾಲೆಯಲ್ಲಿಯೇ ಮೊಮ್ಮಗಳ ಅಕ್ಷರಾಭ್ಯಾಸ. ಇತಿಹಾಸ ಓದುವ ಆಸೆಯಿತ್ತು. ಕೊನೆಗೆ ಆರಿಸಿಕೊಂಡದ್ದು ಭೌತಶಾಸ್ತ್ರ ಮತ್ತು ಗಣಿತ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ 1943ರಲ್ಲಿ ಭಾರತೀಯ ವಿಜ್ಞಾನ ಮಂದಿರ ಸೇರಿದರು. ಅದಕ್ಕೆ ಹತ್ತು ವರ್ಷ ಮೊದಲು, 1933ರಲ್ಲಿ, ಕಮಲಾ ಭಾಗವತ ಎಂಬ ಹೆಣ್ಣುಮಗಳಿಗೆ ಅದೇ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿ, ಆಕೆ ಪಟ್ಟುಹಿಡಿದ ಮೇಲೆ ಷರತ್ತುಗಳೊಡನೆ ಒಪ್ಪಿದ್ದರು. ರಾಜೇಶ್ವರಿಯವರು 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಡಾಕ್ಟರೇಟ್ ಪಡೆದು 1953ರಲ್ಲಿ ಬೆಂಗಳೂರಿಗೆ ಮರಳಿ, ವಿಜ್ಞಾನ ಮಂದಿರದ ವಿದ್ಯುತ್ ಸಂಪರ್ಕ ವಿಭಾಗದಲ್ಲಿ ಅಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಸೇರಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯವನ್ನು ಕಟ್ಟಿದರು. ರಡಾರಿಗೆ, ವಿಮಾನದ ಆಂಟೆನಾಗಳಿಗೆ ಬೇಕಾದ ವಿದ್ಯೆ ಅದು. ಇಪ್ಪತ್ತು ಮಂದಿ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. 1982ರಲ್ಲಿ ನಿವೃತ್ತಿ, ಆಮೇಲೆ ಹೆಂಗಸರ ಸ್ಥಿತಿಗತಿಗಳ ಅಧ್ಯಯನ. 2010ರಲ್ಲಿ ತೀರಿಕೊಂಡರು.

ಈ ಬದುಕಿನಲ್ಲಿ ಒಂದು ದೊಡ್ಡ ಕನ್ನಡ ಕಾದಂಬರಿಗೆ ಬೇಕಾದುದೆಲ್ಲ ಇದೆ. ಮೂರು ತಲೆಮಾರಿನ ಹೆಂಗಸರು, ಒಂದು ಸಂಸ್ಥಾನ, ಒಂದು ಸ್ವಾತಂತ್ರ್ಯ, ಒಂದು ಸಮುದ್ರಯಾನ, ಭಾಷೆ ಮೀರಿದ ಮದುವೆ, ಕಣ್ಣಿಗೆ ಕಾಣದ ಅಲೆಗಳನ್ನು ಲೋಹದ ನಾಳದಲ್ಲಿ ಹರಿಸುವ ವಿದ್ಯೆ. ಅವರು ತಮ್ಮ ಕುಟುಂಬದ, ತಮ್ಮ ಕಾಲದ ನೆನಪುಗಳನ್ನು ಬರೆದರು, ಬರೆದದ್ದು ಇಂಗ್ಲಿಷಿನಲ್ಲಿ. ಭಾರತೀಯ ವಿಜ್ಞಾನ ಅಕಾಡೆಮಿ 2008ರಲ್ಲಿ ಬೆಂಗಳೂರಿನಿಂದಲೇ ಹೊರತಂದ ‘ಲೀಲಾವತೀಸ್ ಡಾಟರ್ಸ್’ ಸಂಪುಟದಲ್ಲಿ ನೂರರ ಹತ್ತಿರ ಮಹಿಳಾ ವಿಜ್ಞಾನಿಗಳ ಬದುಕು ದಾಖಲಾಗಿದೆ, ಅದೂ ಇಂಗ್ಲಿಷಿನಲ್ಲಿಯೇ. ಅವರನ್ನೇನೂ ಆಕ್ಷೇಪಿಸುವಂತಿಲ್ಲ. ಕೆಲಸದ ಭಾಷೆ ಇಂಗ್ಲಿಷ್ ಆದಾಗ ಕೆಲಸದ ನೆನಪೂ ಇಂಗ್ಲಿಷಿನಲ್ಲಿಯೇ ಏಳುತ್ತದೆ. ಇದು ಗಂಡಸರಿಗೂ ಅನ್ವಯಿಸುವ ಮಾತಲ್ಲವೇ ಎನ್ನಬಹುದು. ಹೌದು. ಆದರೆ ಗಂಡಸಿಗೆ ತೇಜಸ್ವಿಯವರಿದ್ದರು; ಸ್ಪ್ಯಾನರನ್ನು, ಲೆನ್ಸನ್ನು ಕನ್ನಡದಲ್ಲಿ ಹಿಡಿಯುವುದು ಹೇಗೆಂದು ತೋರಿಸಿಕೊಟ್ಟ ಗದ್ಯವಿತ್ತು. ಹೆಣ್ಣಿಗೆ ಆ ಗದ್ಯದ ಹತ್ತಿರದ ಪೂರ್ವಜೆ ಎಂದರೆ ಮತ್ತೆ ರೆಮ್ಮವ್ವೆಯೇ; ನಡುವೆ ಶತಮಾನಗಳ ಕಂದಕ.

ಬರಹವಿಲ್ಲದ ಜಾಗವನ್ನು ಚಿತ್ರಗಳು ತುಂಬುತ್ತವೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿದಾಗ ಬೆಂಗಳೂರಿನ ಇಸ್ರೋ ಕೇಂದ್ರದಿಂದ ಒಂದು ಛಾಯಾಚಿತ್ರ ಲೋಕವೆಲ್ಲ ಸುತ್ತಿತು. ರೇಷ್ಮೆ ಸೀರೆ, ಮುಡಿಯಲ್ಲಿ ಹೂವು, ನಗುನಗುತ್ತ ಒಬ್ಬರನ್ನೊಬ್ಬರು ಅಪ್ಪಿಕೊಂಡ ಹೆಂಗಸರು. ನೋಡಿ ಹಿಗ್ಗದ ಕನ್ನಡಿಗರಿಲ್ಲ. ಅವರು ಆಡಳಿತ ವಿಭಾಗದ ಸಿಬ್ಬಂದಿಯೆಂದು ಆಮೇಲೆ ಇಸ್ರೋ ಸ್ಪಷ್ಟಪಡಿಸಿತು. ಆ ಯೋಜನೆಯಲ್ಲಿ ದುಡಿದ ಹೆಣ್ಣು ವಿಜ್ಞಾನಿಗಳು ಇರಲಿಲ್ಲವೆಂದಲ್ಲ. ನಂದಿನಿ ಹರಿನಾಥ್, ರಿತು ಕರಿಧಾಲ್ ಮೊದಲಾದವರ ಹೆಸರು ನಂತರ ಹೊರಬಂತು. ಬೆಂಗಳೂರಿನವರೇ ಆದ ಟಿ.ಕೆ. ಅನುರಾಧಾ 1982ರಲ್ಲಿಯೇ ಇಸ್ರೋ ಸೇರಿ, 2011ರಲ್ಲಿ ಜಿಸ್ಯಾಟ್-12 ಉಪಗ್ರಹ ಯೋಜನೆಯ ನಿರ್ದೇಶಕಿಯಾಗಿದ್ದವರು. ಆದರೆ ನಮ್ಮ ಕಣ್ಣಿಗೆ ಹೂವು ಸಾಕಾಗಿತ್ತು. ಹೂ ಮುಡಿದ ತಲೆಯೊಳಗೆ ಕಕ್ಷೆಯ ಲೆಕ್ಕ ಹೇಗೆ ನಡೆಯುತ್ತದೆ, ಉಪಗ್ರಹದಿಂದ ಸಂಕೇತ ಬರುವ ತನಕದ ನಿಮಿಷಗಳು ಹೇಗೆ ಕಳೆಯುತ್ತವೆ ಎಂದು ಹೇಳುವ ಕನ್ನಡ ವಾಕ್ಯ ನಮ್ಮ ಬಳಿ ಇರಲಿಲ್ಲ. ಇದ್ದಿದ್ದರೆ ಆ ಛಾಯಾಚಿತ್ರವನ್ನು ನೋಡಿದ ಕೂಡಲೇ ನಾವು ಕೇಳಬೇಕಾದ ಪ್ರಶ್ನೆ ಕೇಳುತ್ತಿದ್ದೆವು.

ಅಂಕಿಗಳು ನಮಗೆ ಹೊಸದೇನನ್ನೂ ಹೇಳುವುದಿಲ್ಲ. ಆದರೂ ಒಂದನ್ನು ಹೇಳಬೇಕು. 2016ರ ಸುಮಾರಿಗೆ ಐಐಟಿಗಳ ಬಿ.ಟೆಕ್. ತರಗತಿಗಳಿಗೆ ಸೇರುತ್ತಿದ್ದವರಲ್ಲಿ ಹೆಣ್ಣುಮಕ್ಕಳು ನೂರಕ್ಕೆ ಎಂಟೊಂಬತ್ತು ಮಂದಿ. 2018ರಿಂದ ಅವರಿಗೆಂದು ಹೆಚ್ಚುವರಿ ಸ್ಥಾನಗಳನ್ನು ನಿರ್ಮಿಸಿ, ಎರಡೇ ವರ್ಷಗಳಲ್ಲಿ ಅದನ್ನು ಇಪ್ಪತ್ತಕ್ಕೆ ಏರಿಸಲಾಯಿತು. ಬಾಗಿಲು ತೆರೆದರೆ ಬರುವವರು ಇದ್ದರೆಂಬುದು ಸಾಬೀತಾಯಿತು. ಸಾಮಾನ್ಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಮಾಣ ಇದಕ್ಕಿಂತ ಮೊದಲಿನಿಂದಲೂ ಮೇಲಿದೆ. ನಮ್ಮ ಬೆಟ್ಟದ ಮನೆಗಳಿಗೆ ಅದು ಗೊತ್ತು. ಕೊರತೆ ಕಾಣುವುದು ಪದವಿಯ ಆಚೆ: ಮದುವೆ, ಮಗು, ಗಂಡನ ವರ್ಗ, ಅತ್ತೆಯ ಅನಾರೋಗ್ಯ. ಹತ್ತು ವರ್ಷ ಕಳೆದ ಮೇಲೆ ಗೋಡೆಯ ಮೇಲೆ ಪದವಿಪತ್ರ ಇರುತ್ತದೆ, ಕೈಯಲ್ಲಿ ಕೆಲಸ ಇರುವುದಿಲ್ಲ. ‘ಅವಳಿಗೆ ಏನು ಕೊರತೆ?’ ಎಂದು ನೆಂಟರು ಕೇಳುತ್ತಾರೆ. ಕೆಲಸವೆಂದರೆ ಸಂಬಳ ಎಂದಷ್ಟೇ ತಿಳಿದವರು ಕೇಳುವ ಪ್ರಶ್ನೆ ಅದು. ಹಾಗೆ ತಿಳಿಯಲು ನಮ್ಮ ಕಥೆಗಳೂ ಕಾರಣ. ಬಿಟ್ಟುಬಂದ ಸಂಗೀತಕ್ಕಾಗಿ ಕೊರಗುವ ಹೆಂಗಸನ್ನು ಕನ್ನಡ ಕಥೆ ಬಲ್ಲದು, ಓದುಗರೂ ಅವಳಿಗಾಗಿ ಕಣ್ಣೀರು ಹಾಕುತ್ತಾರೆ. ಬಿಟ್ಟುಬಂದ ಸರ್ಕ್ಯೂಟಿಗಾಗಿ ಒಬ್ಬಳು ಕೊರಗಬಹುದೆಂಬುದನ್ನು ನಮ್ಮ ಕಥೆ ಇನ್ನೂ ಕಲ್ಪಿಸಿಕೊಂಡಿಲ್ಲ. ಆದ್ದರಿಂದ ಅವಳ ಮನೆಯವರೂ ಕಲ್ಪಿಸಿಕೊಳ್ಳಲಾರರು. ಸಾಹಿತ್ಯಕ್ಕೂ ಬದುಕಿಗೂ ಇರುವ ನಂಟು ನನಗೆ ಅತ್ಯಂತ ಗಟ್ಟಿಯಾಗಿ ಕಾಣುವುದು ಇಲ್ಲಿಯೇ.

‘ಮೊದಲ ಮಹಿಳೆ’ಯರ ಯಶೋಗಾಥೆಗಳು ನಮಗೆ ಸಾಕಷ್ಟಿವೆ, ಈ ಲೇಖನದಲ್ಲಿಯೂ ನಾನು ಅವನ್ನೇ ಎಣಿಸಿದ್ದೇನೆ ಎಂಬ ಅರಿವು ನನಗಿದೆ. ಇನ್ನು ಬೇಕಾದದ್ದು ನಲವತ್ತನೆಯವಳ, ನಾನೂರನೆಯವಳ ಸಾಮಾನ್ಯ ದಿನ. ನಮ್ಮ ಸಂಘದ ಮನೆಗಳಲ್ಲಿ ಅಂಥವರಿದ್ದಾರೆ. ವಿದ್ಯುತ್ ಇಲಾಖೆಯಲ್ಲಿ ದುಡಿಯುವವರು, ಬೆಂಗಳೂರು ಕೊಯಮತ್ತೂರುಗಳ ಕಂಪನಿಗಳಲ್ಲಿ ಇರುವವರು, ಕೆಲಸ ಬಿಟ್ಟು ಮನೆಯಲ್ಲಿ ಕುಳಿತವರು, ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿರುವ ಹುಡುಗಿಯರು. ಕೂಟ ಮುಗಿದು ಊರಿಗೆ ಮರಳಿದ ಮೇಲೆ ಅವರು ಎರಡೆರಡು ಪುಟ ಬರೆದು ಕಳುಹಿಸಲಿ ಎಂಬುದು ನನ್ನ ಕೋರಿಕೆ. ಸಾಧನೆಯ ಕಥೆ ಬೇಡ, ಸಂದೇಶ ಬೇಡ. ಯಾವ ಯಂತ್ರ, ಎಲ್ಲಿ ನಿಂತಿತು, ಮೊದಲು ಯಾವುದರ ಮೇಲೆ ಅನುಮಾನ ಬಂತು, ಅದು ತಪ್ಪೆಂದು ಹೇಗೆ ಗೊತ್ತಾಯಿತು, ಕೊನೆಗೆ ಸಿಕ್ಕಿದ್ದು ಏನು ಎಂಬಷ್ಟನ್ನು ಬರೆಯಲಿ. ಪರಿಭಾಷೆಯ ಮಾತು ಇಂಗ್ಲಿಷಿನದಾದರೆ ಆಗಲಿ, ಕನ್ನಡ ಲಿಪಿಯಲ್ಲಿ ಬರೆದರೆ ಸಾಕು; ಬಡಗ ನುಡಿಯಲ್ಲಿ ಒಳ್ಳೆಯ ಮಾತಿದ್ದರೆ ಅದನ್ನೂ ಬಳಸಲಿ. ಮುಂದಿನ ಸ್ಮರಣ ಸಂಚಿಕೆಯಲ್ಲಿ ಇಂಥ ವಿಮರ್ಶೆಗೆ ಮೀಸಲಾಗುವ ಪುಟಗಳನ್ನು ಅವರಿಗೇ ಬಿಟ್ಟುಕೊಡಬೇಕೆಂದು ಸಂಪಾದಕ ಮಿತ್ರರಲ್ಲಿ ಈಗಲೇ ಹೇಳಿಟ್ಟಿದ್ದೇನೆ.